ಜಾಗ ಯಾವುದು, ತೋರಿಸಿ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ತಾಲ್ಲೂಕು ನ್ಯಾಯಾಲಯದಲ್ಲಿ ಬದುವಿನ ತಗಾದೆ, ಪಾಲಿನ ದಾವೆ ಮತ್ತು ವಾಯಿದೆಗಳನ್ನು ಬಿಟ್ಟರೆ ಬೇರೇನೂ ಇಲ್ಲವೆಂದು ನೀನು ಬೇಸರಪಟ್ಟು ಬರೆದಿದ್ದೀಯೆ. ಅದನ್ನು ಓದಿದಾಗ ನನಗೆ ಅಬ್ರಹಾಂ ಲಿಂಕನ್ ನೆನಪಾದರು. ಅಧ್ಯಕ್ಷ ಲಿಂಕನ್ ಅಲ್ಲ, ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಿಂದ ಒಂದೇ ಅವಧಿಗೆ ಅಮೆರಿಕದ ಪ್ರತಿನಿಧಿಗಳ ಸಭೆಗೆ ಹೋಗಿ ಬಂದ ವಕೀಲ ಲಿಂಕನ್.

ಎಲ್ಲವನ್ನೂ ಕೂಡಿಸಿದರೂ ಒಂದು ವರ್ಷ ತುಂಬದಷ್ಟು ಶಾಲೆ ಕಲಿತಿದ್ದ ಅವರು, ಎರವಲು ಪುಸ್ತಕಗಳಿಂದ ಕಾನೂನು ಓದಿ 1836ರಲ್ಲಿ ಸನದು ಪಡೆದರು. ವರ್ಷಕ್ಕೆರಡು ಬಾರಿ ನ್ಯಾಯಾಧೀಶರೂ ವಕೀಲರೂ ಒಟ್ಟಿಗೆ ಊರೂರು ಸುತ್ತಿ, ಒಂದೇ ಮಂಚದಲ್ಲಿ ಇಬ್ಬಿಬ್ಬರು ಮಲಗಿ, ಸಾಲದ ಪತ್ರ, ಜಮೀನು, ಮಾನನಷ್ಟದ ಮೊಕದ್ದಮೆಗಳನ್ನು ನಡೆಸುತ್ತಿದ್ದ ಕಾಲವದು.

1847ರ ಡಿಸೆಂಬರ್‌ನಲ್ಲಿ ಅವರು ಸಭೆಗೆ ಕಾಲಿಟ್ಟಾಗ ಮೆಕ್ಸಿಕೋ ಜೊತೆಗಿನ ಅಮೆರಿಕದ ಯುದ್ಧ ಇನ್ನೂ ಮುಗಿದಿರಲಿಲ್ಲ. ಮೆಕ್ಸಿಕೋ ಸೈನಿಕರು ನಮ್ಮ ನೆಲದಲ್ಲೇ ನಮ್ಮವರ ರಕ್ತ ಹರಿಸಿದರೆಂಬುದು ಅಧ್ಯಕ್ಷ ಪೋಲ್ಕ್ ಅವರ ವಾದ. ಡಿಸೆಂಬರ್ 22ರಂದು ಲಿಂಕನ್ ಮಂಡಿಸಿದ ನಿರ್ಣಯಗಳು ಕೇಳಿದ್ದು ಇಷ್ಟೇ: ಆ ಜಾಗ ಯಾವುದು? ಅಲ್ಲಿನ ಜನ ಎಂದಾದರೂ ಟೆಕ್ಸಾಸ್‌ಗೋ ಅಮೆರಿಕಕ್ಕೋ ತೆರಿಗೆ ಕಟ್ಟಿದ್ದರೇ, ಮತ ಹಾಕಿದ್ದರೇ, ಜ್ಯೂರಿಯಲ್ಲಿ ಕುಳಿತಿದ್ದರೇ, ಅವರಿಗೆ ನಮ್ಮ ನ್ಯಾಯಾಲಯದ ಸಮನ್ಸ್ ಎಂದಾದರೂ ಜಾರಿಯಾಗಿತ್ತೇ? ನುಯೆಸಿಸ್ ಮತ್ತು ರಿಯೋ ಗ್ರಾಂಡೆ ನದಿಗಳ ನಡುವಿನ ತಕರಾರಿನ ನೆಲದ ಬಗ್ಗೆ ಕೇಳಿದ ಈ ಪ್ರಶ್ನೆಗಳಿಗೂ, ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ ಹೇಳಿ, ಕಂದಾಯದ ರಸೀದಿ ಹಾಜರುಪಡಿಸಿ ಎಂದು ನೀನು ಪ್ರತಿವಾದಿಯನ್ನು ಕೇಳುವುದಕ್ಕೂ ಏನು ವ್ಯತ್ಯಾಸ? ರಾಷ್ಟ್ರಾಧ್ಯಕ್ಷರನ್ನೇ ಸಾಕ್ಷಿಕಟ್ಟೆಗೆ ಹತ್ತಿಸಿ ಸ್ವಾಧೀನದ ಪುರಾವೆ ಕೇಳುವ ಧೈರ್ಯವನ್ನು ಅವರಿಗೆ ಕೊಟ್ಟದ್ದು ನೀನು ಬೇಸರಪಡುವ ಈ ಅಭ್ಯಾಸವೇ ಎಂದು ನಾನು ನಂಬಿದ್ದೇನೆ. ಅದರಲ್ಲಿ ಪೋಲ್ಕ್ ಅವರನ್ನು ವಿರೋಧಿಸುತ್ತಿದ್ದ ಅವರ ವಿಗ್ ಪಕ್ಷದ ಲೆಕ್ಕಾಚಾರವೂ ಇತ್ತು, ಅದನ್ನು ಮುಚ್ಚಿಡಲಾರೆ.

ಸಭೆ ಆ ನಿರ್ಣಯಗಳನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಜಾಗಕ್ಕೆ ಇಂಗ್ಲಿಷಿನಲ್ಲಿ ‘ಸ್ಪಾಟ್’ ಎನ್ನುತ್ತಾರಲ್ಲ, ಅದನ್ನೇ ಹಿಡಿದು ವಿರೋಧಿಗಳು ಅವರಿಗೆ ‘ಸ್ಪಾಟಿ ಲಿಂಕನ್’ ಎಂದು ಅಡ್ಡಹೆಸರಿಟ್ಟರು. ಕಚೇರಿಯ ಪಾಲುದಾರ ಹರ್ನ್‌ಡನ್ ಕೂಡ ಒಪ್ಪಲಿಲ್ಲ. ಅಗತ್ಯವೆಂದು ತಾನೇ ಹೇಳಿ ಬೇರೆ ದೇಶದ ಮೇಲೆ ದಂಡೆತ್ತಿ ಹೋಗಲು ಅಧ್ಯಕ್ಷನಿಗೆ ಬಿಟ್ಟರೆ ಅವನನ್ನು ರಾಜರ ಸ್ಥಾನದಲ್ಲಿ ಕೂರಿಸಿದಂತೆ ಎಂಬರ್ಥದ ಉತ್ತರವನ್ನು ಲಿಂಕನ್ 1848ರ ಫೆಬ್ರವರಿಯಲ್ಲಿ ಅವರಿಗೆ ಬರೆದರು. ಪಕ್ಷದೊಳಗಿನ ಸರದಿಯ ಒಪ್ಪಂದದಂತೆ ಅವರು ಮತ್ತೆ ಸ್ಪರ್ಧಿಸಲಿಲ್ಲ, ಅವರ ಬದಲು ನಿಂತ ಹಳೆಯ ಪಾಲುದಾರ ಲೋಗನ್ ಸೋತರು. ಬಯಸಿದ ಭೂದಾಖಲೆ ಇಲಾಖೆಯ ಹುದ್ದೆ ಬೇರೆಯವರ ಪಾಲಾಯಿತು. ಒರೆಗಾನ್ ಪ್ರಾಂತ್ಯದ ರಾಜ್ಯಪಾಲರಾಗಲು ಅವರೇ ಒಲ್ಲೆ ಎಂದರು.

ನನಗೆ ಬಹಳ ಇಷ್ಟವಾಗುವುದು ಇದರ ನಂತರದ ಕಥೆ. ನಲವತ್ತು ದಾಟಿದ್ದ ಆ ಮಾಜಿ ಸದಸ್ಯರು ಊರಿಗೆ ಮರಳಿ ಮತ್ತೆ ಅದೇ ಕಕ್ಷಿದಾರರ ಫೈಲು ಹಿಡಿದರು. ಜೊತೆಗೆ ಯೂಕ್ಲಿಡ್‌ನ ರೇಖಾಗಣಿತದ ಆರು ಸಂಪುಟಗಳನ್ನು ಪಟ್ಟು ಹಿಡಿದು ಕಲಿತರು. ಕಕ್ಷಿದಾರರನ್ನು ಆದಷ್ಟು ರಾಜಿಗೆ ಒಪ್ಪಿಸಬೇಕೆಂದು ಎಳೆಯ ವಕೀಲರಿಗಾಗಿ ಟಿಪ್ಪಣಿಯನ್ನೂ ಬರೆದಿಟ್ಟರು. ಆದರೆ ಇಲಿನಾಯ್ ಸೆಂಟ್ರಲ್ ರೈಲ್ವೆ ಕಂಪನಿಯಿಂದ ತಮ್ಮ 5,000 ಡಾಲರ್ ಶುಲ್ಕ ಬರದಿದ್ದಾಗ, 1857ರಲ್ಲಿ ಅದರ ಮೇಲೆ ದಾವೆ ಹೂಡಿಯೇ ವಸೂಲಿ ಮಾಡಿದರು!

ನಿನ್ನ ಬದುವಿನ ದಾವೆಯ ವಿಚಾರ ಹೇಳು. ಪ್ರತಿವಾದಿಯ ಕ್ರಯಪತ್ರದಲ್ಲಿ ಪೂರ್ವದ ಚಕ್ಕುಬಂದಿ ಏನಿದೆ? ಪಹಣಿಯೊಂದಿಗೆ ಹೋಲಿಸಿ ನೋಡಿ ಬರೆ.

ನಿನ್ನ,
ಅಮ್ಮ