ಜಗಲಿ ಕಂಬದ ಸೀಳು ಕೆಡಿಸಿದ್ದೀರಿ, ಸರಿ ಮಾಡಿಕೊಡಿ

ವರ್ಕ್‌ಶಾಪ್ ಮಾಲೀಕರಿಗೆ ನಮಸ್ಕಾರ.

ನಾನು ಬದಿಯಡ್ಕದ ಹತ್ತಿರದವನು. ಜಗಲಿಗೆಂದು ಹಲಸಿನ ಮರದ ನಾಲ್ಕು ಕಂಬ ನಿಮ್ಮಲ್ಲೇ ಮಾಡಿಸಿದೆ. ಕಂಬ 150 ಮಿ.ಮೀ. ಚೌಕ, ಬುಡದ ಒಳಗೆ ಕೂರುವ ಕಬ್ಬಿಣದ ಪ್ಲೇಟು 6 ಮಿ.ಮೀ. ದಪ್ಪ, ಅದಕ್ಕೆ ಸೀಳು 8 ಮಿ.ಮೀ. ಅಗಲ ಇರಲಿ ಅಂತ ಚಿತ್ರ ಬರೆದು ಕೊಟ್ಟಿದ್ದೆ, ಅಳತೆ ತಪ್ಪಬಾರದೆಂದು ಪ್ಲೇಟನ್ನೂ ನಿಮ್ಮ ಕೈಗೇ ಕೊಟ್ಟಿದ್ದೆ.

ಈಗ ಸೀಳಿನ ಬಾಯಿ 13 ಮಿ.ಮೀ. ಇದೆ! ಹೇಗಾಯಿತೆಂದು ಮರವೇ ಹೇಳುತ್ತದೆ. ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಗರಗಸ ಒಂದು ಕಡೆಯಿಂದ 65 ಮಿ.ಮೀ. ಆಸುಪಾಸು ಮಾತ್ರ ಇಳಿಯುತ್ತದೆ. ಹಾಗಾಗಿ ಎರಡೂ ಕಡೆಯಿಂದ ಕೊಯ್ದು, ನಡುವೆ ಉಳಿದದ್ದನ್ನು ಕೈಗರಗಸದಲ್ಲಿ ಬಿಡಿಸಬೇಕು. ನಿಮ್ಮವರು ಎರಡನೇ ಕಡೆ ಗುರುತು ಹಾಕುವಾಗ ಗೆರೆಯನ್ನು ಕಂಬದ ಸುತ್ತ ತಂದಿಲ್ಲ, ಎರಡು ಸೀಳೂ ನಡುವೆ ಸೇರದೆ ಒಳಗೆ ಮೆಟ್ಟಿಲು ನಿಂತಿದೆ. ಪ್ಲೇಟು ಅದಕ್ಕೆ ತಾಗಿದ ಮೇಲೆ ಉಳಿಯಲ್ಲಿ ಸಿಕ್ಕಾಪಟ್ಟೆ ಕೆತ್ತಿದ್ದಾರೆ, ಉಳಿಯ ಏಟಿನ ಗುರುತು ಟಾರ್ಚ್ ಹಾಕಿದರೆ ಚೆನ್ನಾಗಿ ಕಾಣುತ್ತದೆ. ಒಂದು ಬ್ಲೇಡು ಒಂದು ಸಲಕ್ಕೆ ಎರಡು ಮೂರು ಮಿ.ಮೀ. ಅಷ್ಟೇ ತಿನ್ನುವುದು, ಅಲ್ವಾ? ನೇರವಾದ ಪಟ್ಟಿ ಕಟ್ಟಿ ಮೊದಲು ಎರಡು ಅಂಚು ಕೊಯ್ದು, ಆಮೇಲೆ ನಡುವಿನದು ತೆಗೆದಿದ್ದರೆ 8 ಮಿ.ಮೀ. ತಾನಾಗಿ ಬರುತ್ತಿತ್ತು.

ಇನ್ನೊಂದು ಕಂಬದ ಸೀಳು ಆಳ ಸಾಲದು. ಕಂಬದ ಭಾರವೆಲ್ಲ ಪ್ಲೇಟಿನ ಅಡಿಯಲ್ಲಿರುವ ತಟ್ಟೆಯ ಮೇಲೆ ಕೂರುವ ಬದಲು ಪ್ಲೇಟಿನ ತುದಿ ಮೇಲೆ ನಿಂತಿದೆ.

ಫೋನ್ ಮಾಡಿದರೆ "ಪುಟ್ಟಿ ಹಾಕಿದರೆ ಕಾಣುವುದಿಲ್ಲ" ಅಂದಿರಿ. ಕಾಣುವುದು ಬಿಡಿ, ಸೀಳು ಅಗಲವಾದಲ್ಲಿ ಪ್ಲೇಟು ಹಿಡಿಯುವ ಬೋಲ್ಟ್ ಬಿಗಿದರೆ ಸೀಳಿನ ಎರಡೂ ಬದಿಯ ಮರ ಒಳಗೆ ಬಾಗಿ ಸೀಳಿನ ಮೇಲ್ತುದಿಯಿಂದ ಬಿರುಕು ಬಿಡುತ್ತದೆ, ಬಿಗಿಯದಿದ್ದರೆ ಕಂಬ ಅಲ್ಲಾಡುತ್ತದೆ. ಮೇಲೆ ಹಂಚಿನ ಮಾಡು ಇದೆ, ಕೆಳಗೆ ಮಕ್ಕಳು ಆಡುತ್ತಾರೆ. ಅಲ್ಲದೆ ಈ ಪ್ಲೇಟು ಹಾಕಿಸುವುದೇ ಬುಡ ನೆಲ ಮುಟ್ಟದಿರಲಿ ಎಂದು. ನಮ್ಮ ಕಡೆಯ ಮಳೆಯ ಎರಚಲು ನಿಮಗೂ ಗೊತ್ತು. ಪುಟ್ಟಿ ತುಂಬಿದ ಸೀಳಿನಲ್ಲಿ ನೀರು ನಿಂತರೆ ಮರ ಒಳಗಿಂದಲೇ ಕುಂಬಾಗುತ್ತದೆ.

ಕೆಟ್ಟ ಭಾಗ ಕತ್ತರಿಸಿ ಮತ್ತೆ ಸೀಳು ಹಾಕಿದರೆ ಕಂಬ ಗಿಡ್ಡವಾಗುತ್ತದೆ, ಅದು ಬೇಡ. ಅದೇ ಬಲಿತ ಹಲಸಿನಲ್ಲಿ ನಾಲ್ಕೂ ಕಂಬ ಹೊಸದಾಗಿ ಮಾಡಿಕೊಡಿ. ಮೊದಲು ಒಂದು ಕಂಬ ಕೊಯ್ದು, ನನ್ನೆದುರೇ ಪ್ಲೇಟು ಹಾಕಿ ನೋಡಿ. ಅದು ಸರಿಯಾದರೆ ಉಳಿದದ್ದಕ್ಕೆ ಕೈ ಹಾಕಿ. ಆಗುವುದಿಲ್ಲವೆಂದರೆ ಮರದ ದುಡ್ಡೂ ಕೂಲಿಯೂ ವಾಪಸ್ ಕೊಡಿ. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ಒಳಗೆ ಕೆಲಸ ಮುಗಿಯಬೇಕು, ಆಮೇಲೆ ಮಳೆ ಬಿಡುವುದಿಲ್ಲ. ಉತ್ತರ ಬಾರದಿದ್ದರೆ ಕಾಸರಗೋಡಿನ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ.

ಬಿಲ್ಲಿನ ಪ್ರತಿ, ನಾನು ಕೊಟ್ಟ ಚಿತ್ರ, ಸ್ಕೇಲ್ ಇಟ್ಟು ತೆಗೆದ ಫೋಟೋ ಇದರ ಜೊತೆಗಿವೆ.

ಇಂತಿ,
ನಿಮ್ಮ ಗಿರಾಕಿ, ಬದಿಯಡ್ಕ