ಕೃತಿಯ ಪಕ್ಕದಲ್ಲಿ ಕಲಾವಿದರ ಹೆಸರೇ ಇಲ್ಲದ ಮೇಳ

ಸಮಕಾಲೀನ ಕಲಾ ಮೇಳದ ಸಂಘಟಕರಿಗೆ,

ವಿಷಯ: ಕೃತಿಗಳ ಪಕ್ಕ ವಿವರದ ಚೀಟಿ ಇಲ್ಲದಿದ್ದ ಬಗ್ಗೆ ದೂರು

ನಮಸ್ಕಾರ.

ಕಳೆದ ಶನಿವಾರ ನಾನೂ ನಮ್ಮ ಚಿಕ್ಕಮ್ಮನೂ ನಿಮ್ಮ ಮೇಳಕ್ಕೆ ಬಂದಿದ್ದೆವು. ನಾಲ್ಕು ಗಂಟೆ ಸುತ್ತಾಡಿದೆವು. ಒಳ್ಳೊಳ್ಳೆಯ ಕೃತಿಗಳಿದ್ದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವುದು ಯಾರದು ಅನ್ನುವುದು ಮಾತ್ರ ಹೆಚ್ಚಿನ ಕಡೆ ಗೊತ್ತಾಗಲೇ ಇಲ್ಲ.

ಗೋಡೆಯ ಮೇಲೆ ಚೀಟಿ ಇರಲಿಲ್ಲ. ಪ್ರತಿ ಮಳಿಗೆಯ ಮುಂದೆ ಒಂದು ಕ್ಯೂಆರ್ ಕೋಡ್ ಅಂಟಿಸಿದ್ದರು, ಅಷ್ಟೆ. ಅಷ್ಟು ಜನ ಒಂದೇ ಸೂರಿನಡಿ ಸೇರಿದ್ದರಿಂದ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಸಿಕ್ಕಾಗಲೂ ತೆರೆಯುತ್ತಿದ್ದುದು ಮಳಿಗೆ ಹಾಕಿದ್ದ ಗ್ಯಾಲರಿಯ ವೆಬ್ ಪುಟ. ನಾವು ನೋಡುತ್ತಿದ್ದ ಕೃತಿಯನ್ನು ಅದರೊಳಗೆ ನಾವೇ ಹುಡುಕಬೇಕಿತ್ತು. ಚಿಕ್ಕಮ್ಮನ ಹತ್ತಿರ ಇರುವುದು ಬಟನ್ ಫೋನ್. ಅವರೇನು ಮಾಡಬೇಕು?

ಎರಡನೇ ಹಾಲ್‌ನಲ್ಲಿ ಹಳೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿದ ದೊಡ್ಡ ಕೃತಿಯೊಂದಿತ್ತು. ಚಿಕ್ಕಮ್ಮ ಮೂವತ್ತು ವರ್ಷ ಹೊಲಿಗೆ ಕೆಲಸ ಮಾಡಿದವರು. ಅದರ ಮುಂದೆ ನಿಂತವರು ಕದಲಲೇ ಇಲ್ಲ. "ಇದು ಮೆಷಿನ್ ಹೊಲಿಗೆ ಅಲ್ಲ ಕಣೇ, ಕೈಯದು. ಅಂಚಿಗೆಲ್ಲ ಕಾಜಾ ಹೊಲಿಗೆ ಹಾಕಿದ್ದಾರೆ ನೋಡು. ಯಾರು ಮಾಡಿದ್ದು, ಕೇಳು" ಅಂದರು. ಮಳಿಗೆಯಲ್ಲಿದ್ದ ಹುಡುಗ ಫೋನಿನಿಂದ ತಲೆ ಎತ್ತದೆ "ಸ್ಕ್ಯಾನ್ ಮಾಡಿ ಮೇಡಂ" ಅಂದ. ಕೊಳ್ಳುವವರು ಬಂದಾಗ ಅದೇ ಹುಡುಗ ಎದ್ದು ನಿಂತು ಎಲ್ಲ ವಿವರಿಸಿದ. ಆಗ ನಾವು ಪಕ್ಕದ ಮಳಿಗೆಯಲ್ಲಿದ್ದೆವು. ಮಾತಿನ ಸದ್ದು ಕೇಳಿಸಿತು, ಹೆಸರು ಕೇಳಿಸಲಿಲ್ಲ. ನನಗೆ ತುಂಬಾ ಬೇಜಾರಾಗಿದ್ದು ಇಲ್ಲೇ.

ಕಲಾ ಮೇಳ ಅಂದರೆ ಮ್ಯೂಸಿಯಂ ಅಲ್ಲ, ಮಾರುಕಟ್ಟೆ ಅನ್ನುವುದು ನನಗೂ ಗೊತ್ತು. 1967ರಲ್ಲಿ ಜರ್ಮನಿಯ ಕಲೋನ್‌ನಲ್ಲಿ 18 ಗ್ಯಾಲರಿಗಳು ಸೇರಿ ಇಂಥ ಮೇಳ ಶುರು ಮಾಡಿದ್ದೇ ಮಾರಾಟಕ್ಕಾಗಿ. ಆದರೆ ಟಿಕೆಟ್ ಮಾರುವುದು ನೋಡುವವರಿಗೂ ತಾನೇ? ಅದೂ ಅಲ್ಲದೆ ಇಂದಿನ ಕಲೆಗೆ ವಿವರ ಜಾಸ್ತಿಯೇ ಬೇಕು. 2019ರಲ್ಲಿ ಅಮೆರಿಕದ ಮಯಾಮಿಯ ಮೇಳದಲ್ಲಿ ಇಟಲಿಯ ಕಲಾವಿದ ಮೌರಿಜಿಯೊ ಕ್ಯಾಟೆಲಾನ್ ಒಂದು ಬಾಳೆಹಣ್ಣನ್ನು ಟೇಪ್ ಹಾಕಿ ಗೋಡೆಗೆ ಅಂಟಿಸಿದ್ದರು. ಕೊಂಡವರಿಗೆ ಸಿಗುತ್ತಿದ್ದುದು ಇದು ಅವರದೇ ಕೃತಿ ಅನ್ನುವ ಪ್ರಮಾಣಪತ್ರ, ಜೊತೆಗೆ ಹಣ್ಣನ್ನು ಹೇಗೆ ಅಂಟಿಸಬೇಕೆಂಬ ಸೂಚನೆ. ಹಣ್ಣನ್ನು ಬದಲಾಯಿಸುತ್ತಿರಬಹುದು. ಇದನ್ನು ಯಾರಾದರೂ ಹೇಳದಿದ್ದರೆ ಗೋಡೆಯ ಮೇಲೆ ಕಾಣುವುದು ಹಣ್ಣು ಮಾತ್ರ, ಅಲ್ವಾ?

ನಿಮ್ಮಲ್ಲೂ ಹಾಗೇ ಆಯಿತು. ಒಂದು ಪ್ರಿಂಟ್‌ನ, ಅಂದರೆ ಅಚ್ಚೊತ್ತಿ ತೆಗೆದ ಚಿತ್ರದ, ಕೆಳಗೆ ಪೆನ್ಸಿಲಿನಲ್ಲಿ 3/25 ಅಂತ ಬರೆದಿತ್ತು. ಪಕ್ಕದಲ್ಲಿದ್ದವರು ಅದನ್ನು ತಾರೀಖು ಅಂದುಕೊಂಡರು. ಇಪ್ಪತ್ತೈದು ಪ್ರತಿಗಳಲ್ಲಿ ಇದೊಂದು ಅಂತ ನಾನು ಹೇಳಬೇಕಾಯಿತು. ವಿಡಿಯೊ ಕೋಣೆಯ ಹೊರಗೆ ಅದು ಎಷ್ಟು ನಿಮಿಷದ್ದು ಅಂತಲೂ ಬರೆದಿರಲಿಲ್ಲ. ಕತ್ತಲಲ್ಲಿ ಸುಮ್ನೆ ನಿಂತು, ಕಾಲು ನೋವು ಬಂದು ಹೊರಬಂದೆವು.

ಮುಂದಿನ ಸಲ ಪ್ರತಿ ಕೃತಿಯ ಪಕ್ಕ ದಪ್ಪ ಅಕ್ಷರದ ಕಾಗದದ ಚೀಟಿ ಇಡಿಸಿ. ಕಲಾವಿದರ ಹೆಸರು, ಕೃತಿಯ ಹೆಸರು, ವರ್ಷ, ಯಾವುದರಿಂದ ಮಾಡಿದ್ದು, ಇಷ್ಟಿದ್ದರೆ ಸಾಕು. ಬೆಲೆ ಹಾಕುವುದು ಬಿಡುವುದು ಗ್ಯಾಲರಿಯವರಿಗೆ ಬಿಟ್ಟದ್ದು. ಮಳಿಗೆ ಕೊಡುವಾಗಲೇ ಇದನ್ನು ಷರತ್ತಾಗಿ ಬರೆಸಿಕೊಳ್ಳಿ. ಕ್ಯೂಆರ್ ಕೋಡ್ ಬೇಡ ಅನ್ನುತ್ತಿಲ್ಲ, ಅದೊಂದೇ ಸಾಲದು. ವಿಡಿಯೊ ಕೋಣೆಯ ಬಾಗಿಲಲ್ಲಿ ಎಷ್ಟು ನಿಮಿಷ ಅಂತ ಬರೆಸಿ, ಒಳಗೊಂದು ಬೆಂಚು ಹಾಕಿಸಿ.

ಈಗಲೇ ಆಗಬೇಕಾದ ಕೆಲಸ ಇನ್ನೊಂದಿದೆ. ಆ ಹೊಲಿಗೆಯ ಕೃತಿ ಇದ್ದದ್ದು ಎರಡನೇ ಹಾಲ್‌ನ ಎಡಗಡೆಯ ಕೊನೆಯ ಮಳಿಗೆಯಲ್ಲಿ. ಫೋಟೊ ಜೊತೆಗಿಟ್ಟಿದ್ದೇನೆ. ಗ್ಯಾಲರಿಯವರನ್ನು ಕೇಳಿ, ಮಾಡಿದವರ ಹೆಸರನ್ನು ದಯವಿಟ್ಟು ತಿಳಿಸಿ. ಚಿಕ್ಕಮ್ಮ ಈ ವಾರದಲ್ಲಿ ಎರಡು ಸಲ ಕೇಳಿದ್ದಾರೆ.

ಇಂತಿ,
ಮೇಳಕ್ಕೆ ಬಂದಿದ್ದ ಪ್ರೇಕ್ಷಕಿ