ಉದ್ದಿನಬೇಳೆಗೆ ಕಾದವರಿಗೆ

ಮೊನ್ನೆಗೆ ನನ್ನ ತಲೆ ಆಪರೇಷನ್ ಆಗಿ ಎರಡು ವರ್ಷ ತುಂಬಿತು. ಈ ಸಲದ ಎಂಆರ್‌ಐ ನೋಡಿದ ಡಾಕ್ಟರು, ಉಳಿದ ಗಡ್ಡೆಯ ಚೂರು ಬೆಳೆದಿಲ್ಲ ಅಂದರು. ಸುದ್ದಿ ಕೇಳಿ ಫೋನ್ ಮಾಡಿದವರಿಗೆಲ್ಲ ನಮಸ್ಕಾರ. ಇದನ್ನು ಟೈಪ್ ಮಾಡುತ್ತಿರುವುದು ಮಗಳು. ನಾನು ಹೇಳುತ್ತಾ ಹೋಗುತ್ತೇನೆ, ಮಾತು ಸಿಗದಿದ್ದಾಗ ಅವಳು ಸುಮ್ನೆ ಕಾಯುತ್ತಾಳೆ.

ಗಡ್ಡೆ ಇದ್ದದ್ದು ಮಿದುಳಿನ ಎಡಗಡೆ. ಆಲಿಗೋಡೆಂಡ್ರೋಗ್ಲಿಯೋಮಾ, ಗ್ರೇಡ್ 2, ನಿಧಾನಕ್ಕೆ ಬೆಳೆಯುವ ಜಾತಿ. ಈ ಹೆಸರು ಬಾಯಿಗೆ ಬರಲು ಒಂದು ತಿಂಗಳು ಹಿಡಿಯಿತು! ನಿಮ್ಹಾನ್ಸ್‌ನಲ್ಲಿ ಆಪರೇಷನ್ ಮಧ್ಯೆ ಎಚ್ಚರ ಮಾಡಿ, ಒಂದೊಂದೇ ಚಿತ್ರ ತೋರಿಸಿ "ಇದೇನು?" ಅಂತ ಕೇಳಿದರು. ಮಾತಿನ ಜಾಗಕ್ಕೆ ಪೆಟ್ಟಾಗಬಾರದು ಅಂತ. ಛತ್ರಿ, ಹಸು, ಬೀಗ ಅಂದೆ. ಆಮೇಲೆ ಪಕ್ಕದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ 30 ದಿನ ಕರೆಂಟ್, ಅಂದರೆ ರೇಡಿಯೇಷನ್. ಎರಡೂ ಕಡೆಯವರಿಗೆ ಕೈ ಮುಗಿಯುತ್ತೇನೆ.

ಮನೆಗೆ ಬಂದ ಮೇಲಿನ ಕಥೆಯೇ ಬೇರೆ. ನಮ್ಮದು ದಿನಸಿ ಅಂಗಡಿ. ಉದ್ದಿನಬೇಳೆ ಡಬ್ಬದ ಮುಂದೆಯೇ ನಿಂತಿದ್ದೇನೆ, ಹುಡುಗನಿಗೆ ಒಂದು ಕೆಜಿ ಕಟ್ಟು ಅನ್ನಬೇಕು. ರೇಟು ಗೊತ್ತು, ದೋಸೆಗೆ ಹಾಕೋದು ಅಂತಲೂ ಗೊತ್ತು. ಹೆಸರು ಮಾತ್ರ ಬರದು. "ಆ ಬಿಳೀದು, ಬಿಳೀದು" ಅಂತ ಒದ್ದಾಡುತ್ತಿದ್ದೆ. ಕೆಲವರು ಪಟ್ಟನೆ ತಾವೇ ಹೇಳಿಬಿಡುತ್ತಿದ್ದರು. ಒಳ್ಳೇ ಮನಸ್ಸಿನಿಂದಲೇ, ಆದರೂ ನನಗೆ ಅಳು ಬರುತ್ತಿತ್ತು. ಎದುರುಮನೆ ಅಜ್ಜಿ ಮಾತ್ರ ಚೀಲ ಕೆಳಗಿಟ್ಟು, ಕಟ್ಟೆ ಮೇಲೆ ಕೂತು, ಎಲೆಗೆ ಸುಣ್ಣ ಸವರಲು ಶುರು ಮಾಡುತ್ತಿದ್ದರು. "ಬರ್ಲಿ ಬಿಡು ಮಗ, ನಂಗೇನ್ ಬಸ್ಸಿಗೆ ಹೊತ್ತಾಯ್ತಾ?" ಎಲೆ ಮಡಚುವಷ್ಟರಲ್ಲಿ ಹೆಸರು ಬಂದಿರುತ್ತಿತ್ತು. ಅಜ್ಜೀ, ಮೊದಲ ನಮಸ್ಕಾರ ನಿಮಗೆ.

ಫಿಟ್ಸ್ ಬರುತ್ತಿದ್ದುದರಿಂದ ಗಾಡಿ ಓಡಿಸಬೇಡಿ ಅಂದಿದ್ದರು. 14 ತಿಂಗಳು ದಿನಾ ಬೆಳಿಗ್ಗೆ ನನ್ನನ್ನು ಹಿಂದೆ ಕೂರಿಸಿಕೊಂಡು ಅಂಗಡಿಗೆ ಬಿಟ್ಟ ಗೆಳೆಯ, ಒಂದು ದಿನವೂ "ಹೇಗಿದ್ದೀಯ" ಅಂತ ಕೇಳಲಿಲ್ಲ. ಬರೀ ಕೊಬ್ಬರಿ ರೇಟು ಮಾತಾಡಿದ. ಅದಕ್ಕೇ ಥ್ಯಾಂಕ್ಸ್ ಕಣೋ.

ಹೆಂಡತಿಗೆ ಏನು ಹೇಳಲಿ? ಸ್ಟೆರಾಯ್ಡ್ ಮಾತ್ರೆಯ ಹಸಿವಿಗೆ ರಾತ್ರಿ ಎರಡು ಗಂಟೆಗೆ ಉಪ್ಪಿಟ್ಟು ಮಾಡಿಕೊಟ್ಟಳು. ಫಿಟ್ಸ್ ಮಾತ್ರೆ ಶುರುವಾದ ಮೇಲೆ ಸಿಟ್ಟು ಜಾಸ್ತಿಯಾಯಿತು, ತಟ್ಟೆ ಎಸೆದದ್ದೂ ಇದೆ. ಮಾತ್ರೆಯಿಂದಲೂ ಹೀಗಾಗಬಹುದಂತೆ. ಅವಳೇ ಡಾಕ್ಟರಿಗೆ ಹೇಳಿ ಬದಲಾಯಿಸಿದಳು. ನಾನಾಗಿದ್ದರೆ ಮುಚ್ಚಿಡುತ್ತಿದ್ದೆ.

ಇನ್ನೊಬ್ಬರಿದ್ದಾರೆ. ಚೆಕಪ್‌ಗೆ ಹೋದಾಗ ಒಬ್ಬ ಮೇಡಂ ಪ್ರಶ್ನೆ ಓದಿ ಬರೆದುಕೊಳ್ಳುತ್ತಾರೆ. ಹೋದ ವಾರ ಸರಿಯಾದ ಪದ ಸಿಗದೆ ಕಷ್ಟವಾಯಿತಾ? ಸುಸ್ತಾಯಿತಾ? ಮುಂದೇನೋ ಅನ್ನಿಸಿತಾ? ಸ್ಕ್ಯಾನಿನಲ್ಲಿ ಕಾಣದ್ದನ್ನೆಲ್ಲ ಕೂತು ಕೇಳುವವರು ಅವರು. ಕೊನೆಗೆ, ಒಟ್ಟಾರೆ ಬದುಕು ಹೇಗಿದೆ, 1ರಿಂದ 7ರೊಳಗೆ ಹೇಳಿ ಅನ್ನುತ್ತಾರೆ. ಮೊದಲ ಸಲ 2 ಅಂದಿದ್ದೆ. ಈ ಸಲ 6 ಅಂದೆ.

"ಐದು ಬರ್ಕೊಳ್ಳಿ ಮೇಡಂ," ಅಂದಳು ಹೆಂಡತಿ. "ಮಿಕ್ಸಿ ಹಾಕಿದ್ರೆ ಇನ್ನೂ ಕೂಗಾಡ್ತಾರೆ."